ಅಪ್‌ಡೇಟ್: ಕುಂದವಾಡ ಕೆರೆ ಸುತ್ತ ನಿಲ್ಲದೆ ಓಡಿದೆ

45ರಲ್ಲಿ ಓಡಲು ಶುರು ಮಾಡಿದ್ದೇನೆ, ಮೊಣಕಾಲ ಕೆಳಗೆ ನೋವು, ಬಿಟ್ಟುಬಿಡಲೇ ಅಂತ ಕೇಳಿದ್ದೆ ಅಲ್ವಾ? ಬಿಡಲಿಲ್ಲ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಅದನ್ನೇ ಹಿಡಿದುಕೊಂಡೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಮ್ಮಿದ್ದರೂ ನಿಲ್ಲಿಸಬೇಕು, ಜಾಸ್ತಿ ಕಷ್ಟವಾಗಿದ್ದೇ ಅದು. ಹುಡುಗರು ಪಕ್ಕದಲ್ಲೇ ಸರ್ರನೆ ಹಾದುಹೋಗುವಾಗ ಸುಮ್ನೆ ನಡೆಯುವುದಕ್ಕೆ ಗಟ್ಟಿ ಮನಸ್ಸು ಬೇಕು. ಬೇಸಿಗೆಯಲ್ಲಿ (ದಾವಣಗೆರೆ ಬಿಸಿಲು ಗೊತ್ತಲ್ಲ) ಬೆಳಕು ಹರಿಯುವ ಮೊದಲೇ ಹೊರಟೆ. ನೋವು ಬಂದ ವಾರ ಬರೀ ನಡಿಗೆ. ಮಳೆಗಾಲದ ಹೊತ್ತಿಗೆ ನಡಿಗೆ ಕಮ್ಮಿಯಾಗುತ್ತಾ ಬಂತು.

ಹೋದ ಭಾನುವಾರ ಪೂರ್ತಿ ಒಂದು ಸುತ್ತು, ಎಲ್ಲೂ ನಿಲ್ಲದೆ! ಮೊದಲು ನೋಯುತ್ತಿದ್ದ ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ, ನೋವಿಲ್ಲ. ತುಂಬಾ ಖುಷಿಯಾಗಿದೆ. ಮುಂದೆ ಎರಡು ಸುತ್ತು, ಬರುವ ಬೇಸಿಗೆಯೊಳಗೆ ಆದರೆ ಸಾಕು.