ಅಪ್‌ಡೇಟ್: ಆಷಾಢದ ಮಳೆಯಲ್ಲಿ ಕೇಕ್ ಪಾಪ್
ಮಗಳ ಹುಟ್ಟುಹಬ್ಬದ ಕೇಕ್ ಪಾಪ್‌ಗಳು (ಕೇಕ್ ಪುಡಿಯನ್ನು ಕ್ರೀಮಿನೊಂದಿಗೆ ಕಲಸಿ ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿ ಚಾಕೊಲೇಟಿನಲ್ಲಿ ಅದ್ದಿದ ತಿನಿಸು) ಕಡ್ಡಿಯಿಂದ ಜಾರುತ್ತವೆ, ಚಾಕೊಲೇಟ್ ಬಿರುಕು ಬಿಡುತ್ತದೆ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಮತ್ತೊಮ್ಮೆ ಮಾಡಿ ನೋಡಿದೆ. ಉಂಡೆಗಳನ್ನು ಫ್ರೀಜರಿನಲ್ಲಿ ಕಲ್ಲಿನಂತಾಗಿಸಿ ಬಿಸಿ ಚಾಕೊಲೇಟಿನಲ್ಲಿ ಅದ್ದಿದ್ದೇ ಬಿರುಕಿಗೆ ಕಾರಣವಾಗಿತ್ತು: ಒಳಗಿನ ಉಂಡೆ ಬೆಚ್ಚಗಾಗಿ ಹಿಗ್ಗಿದಂತೆ, ಅಷ್ಟರಲ್ಲಿ ಗಟ್ಟಿಯಾದ ಹೊರಪದರ ಸೀಳುತ್ತದೆ. ಈ ಸಲ ಕ್ರೀಮನ್ನು ಕಡಿಮೆ ಮಾಡಿ, ಉಂಡೆಗಳನ್ನು ಫ್ರಿಜ್ಜಿನಲ್ಲಷ್ಟೇ 1 ಗಂಟೆ ಇಟ್ಟು, ಕಡ್ಡಿಯ ತುದಿಯನ್ನು ಕರಗಿದ ಚಾಕೊಲೇಟಿನಲ್ಲಿ ಅದ್ದಿ ಅರ್ಧದವರೆಗೆ ಚುಚ್ಚಿ, ಅದು ಹಿಡಿದುಕೊಂಡ ಮೇಲೆಯೇ ಪೂರ್ತಿ ಮುಳುಗಿಸಿದ್ದರಿಂದ 20ರಲ್ಲಿ 2 ಮಾತ್ರ ಬಿದ್ದವು (ಅವು ತಟ್ಟೆಯನ್ನು ಕಾಣಲೇ ಇಲ್ಲ). ದಪ್ಪಗಾದ ಚಾಕೊಲೇಟಿಗೆ ನೀರು ಹಾಕದೆ 1 ಚಮಚ ಕೊಬ್ಬರಿ ಎಣ್ಣೆ ಬೆರೆಸಿದೆ. ತೀರ್ಥಹಳ್ಳಿಯ ತೇವದ ಹವೆಗೆ ಫ್ರಿಜ್ಜಿನಿಂದ ತೆಗೆದೊಡನೆ ಮೇಲೆ ನೀರಿನ ಹನಿ ಕೂತು, ಬಣ್ಣದ ಸಕ್ಕರೆಮಣಿಗಳು ಮಾತ್ರ ಕಲೆಯಾದವು. ಆದ್ದರಿಂದ ಅಲಂಕರಿಸಿದ ಮೇಲೆ ಫ್ರಿಜ್ಜಿಗೆ ಇಡಬಾರದೆಂದು ತೀರ್ಮಾನಿಸಿದ್ದೇನೆ.