ಅಧ್ಯಕ್ಷರಿಗೆ ಇದನ್ನ ಹೇಗೆ ಹೇಳಲಿ?

ಚೌಕಿಪೇಟೆ ಗುಮಾಸ್ತ:
ದಾವಣಗೆರೆಯಲ್ಲಿ ಕಿರಾಣಿ ಹೋಲ್‌ಸೇಲ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ನಮ್ಮ ಚರ್ಚ್ ಸಭೆಯ ಕಮಿಟಿಯಲ್ಲೂ ಅದೇ ಕೆಲಸ. ವಿಧವೆಯರಿಗೆ ಅಕ್ಕಿ ಕೊಡಲು ಎತ್ತಿದ ದುಡ್ಡಲ್ಲಿ ಅಧ್ಯಕ್ಷರು ಹೊಸ ಸ್ಪೀಕರ್ ಸೆಟ್ ತಂದರು. ಬಿಲ್ ಇದೆ, ಕದ್ದಿಲ್ಲ. ಆದರೆ ರಸೀದಿಗಳ ಮೇಲೆಲ್ಲ 'ಅಕ್ಕಿ ಸಹಾಯ' ಅಂತ ಇದೆ, ನನ್ನದೇ ಅಕ್ಷರ. ಕೇಳೋಣ ಅಂದರೆ ಮಗಳ ಕಾಲೇಜು ಫೀಸಿಗೆ ಕೈಹಿಡಿದವರೂ ಅವರೇ. ಕಮಿಟಿಯ ಮಿಕ್ಕವರು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆದು, ಅಧಿಕಾರಿಗಳಿಗೆ ಅಧೀನರಾಗಿರಬೇಕು ಅಂತಾರೆ. ಭಾನುವಾರ ಮೀಟಿಂಗ್. ಏನು ಮಾಡಲಿ?

ಹರಿಹರದ ಟೀಚರ್:
ಅಣ್ಣ, ಬೈಬಲಿನ ಪ್ರವಾದಿ ನಾತಾನನನ್ನು ನೋಡಿ. ರಾಜ ದಾವೀದ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದಿಟ್ಟುಕೊಂಡಿದ್ದ. ನಾತಾನ ಬೈಯಲಿಲ್ಲ. ಬಡವನ ತಟ್ಟೆಯಲ್ಲೇ ತಿಂದು, ಅವನ ಲೋಟದಲ್ಲೇ ಕುಡಿದು, ಅವನ ಮಗ್ಗುಲಲ್ಲೇ ಮಲಗುತ್ತಿದ್ದ ಒಂದೇ ಕುರಿಮರಿಯ ಕಥೆ ಹೇಳಿದ. ರಾಜನಿಗೆ ಸಿಟ್ಟು ನೆತ್ತಿಗೇರಿದ ಮೇಲೆ, ಆ ಮನುಷ್ಯ ನೀನೇ ಅಂದ. ಹಾಗಂತ ಅರಮನೆ ಬಿಡಲಿಲ್ಲ. ಮುಂದೆ ದಾವೀದನ ಮಗ ಸೊಲೊಮೋನನ ಪಟ್ಟಕ್ಕೆ ಓಡಾಡಿದವನೂ ಅವನೇ. ಫೀಸಿನ ಋಣ ಇದ್ದೇ ಇರುತ್ತೆ, ಮಾತು ಆಡಬಾರದು ಅಂತೇನಿಲ್ಲ. ಮೊದಲು ಅವರ ಮನೆಗೆ ಒಬ್ಬರೇ ಹೋಗಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಹೇಳೋದೂ ಅದನ್ನೇ.

ದುರ್ಗದವನು:
ಮೇಡಂ, ದಾವೀದ ಕೇಳಿಸಿಕೊಂಡ, ಸರಿ. ಇಸ್ರಾಯೇಲಿನ ರಾಜ ಅಹಾಬ? ಯುದ್ಧಕ್ಕೆ ಹೋಗು, ಗೆಲ್ತೀಯ ಅಂತ ಸುಮಾರು 400 ಪ್ರವಾದಿಗಳು ಹೇಳಿದರು. ಇನ್ನೊಬ್ಬ ಪ್ರವಾದಿ ಮೀಕಾಯೆಹುವನ್ನು ಕರೆಯಲು ಹೋದ ಆಳು, ಎಲ್ಲರೂ ಒಳ್ಳೇದೇ ಹೇಳಿದ್ದಾರೆ, ನೀನೂ ಹಾಗೇ ಹೇಳಿಬಿಡು ಅಂತ ಬುದ್ಧಿ ಹೇಳಿದ. ಈ ಆಳು ಪ್ರತಿ ಕಮಿಟಿಯಲ್ಲೂ ಇರ್ತಾನೆ ಬಿಡಿ. ಮಜಾ ಅಂದರೆ, ಮೀಕಾಯೆಹು ಮೊದಲು 'ಹೋಗು, ಗೆಲ್ತೀಯ' ಅಂದಾಗ ಅಹಾಬನೇ ನಂಬಲಿಲ್ಲ, ನಿಜ ಹೇಳು ಅಂತ ಗದರಿಸಿದ! ನಿಜ ಹೇಳಿದ್ದಕ್ಕೆ ಕೆನ್ನೆಗೆ ಏಟು, ಮೇಲೆ ಜೈಲು.
ಇನ್ನು ರೋಮಾಪುರ 13. ಅದನ್ನು ಬರೆದ ಅಪೊಸ್ತಲ ಪೌಲನೇ ಅಂತಿಯೋಕ್ಯದಲ್ಲಿ ಯೇಸುವಿನ ಹಿರಿಯ ಶಿಷ್ಯ ಪೇತ್ರನನ್ನು ಎಲ್ಲರ ಎದುರಿಗೇ ತರಾಟೆಗೆ ತಗೊಂಡ, ಗಲಾತ್ಯ 2 ಓದಿಸಿ ಅವರಿಗೆ. ಮತ್ತಾಯ 18ನ್ನೂ ಅರ್ಧಕ್ಕೇ ನಿಲ್ಲಿಸಬೇಡಿ: ಕೇಳದಿದ್ದರೆ ಒಬ್ಬಿಬ್ಬರನ್ನು ಕರ್ಕೊಂಡು ಹೋಗಬೇಕು, ಆಮೇಲೆ ಸಭೆಗೆ ತಿಳಿಸಬೇಕು. ರಸೀದಿ ಪುಸ್ತಕ ಕೈಲಿರಲಿ.

ಚೌಕಿಪೇಟೆ ಗುಮಾಸ್ತ:
ಕಥೆ ಕಟ್ಟೋದು ನನ್ನ ಕೈಲಾಗದು ಮೇಡಂ. ಅಕ್ಕಿ ಸಿಗದವರ ಪಟ್ಟಿ ಇದೆ, ಅದನ್ನೇ ಓದ್ತೀನಿ. ಮೊದಲ ಹೆಸರು ಅಧ್ಯಕ್ಷರ ಪಕ್ಕದ ಮನೆ ಅಜ್ಜಿಯದೇ. ಬುಧವಾರ ಅಂಗಡಿ ಮುಚ್ಚಿದ ಮೇಲೆ ಹೋಗ್ತೀನಿ. ಎರಡನೇ ಸಲ ಹೋಗಬೇಕಾದರೆ ಜೊತೆಗೆ ಬರೋರು ಯಾರು ಅನ್ನೋದೇ ಈಗ ತಲೆನೋವು.