ಸಹಾಯ ಬೇಕು: ಅಮ್ಮ ಅರ್ಧಕ್ಕೆ ಬಿಟ್ಟ ಕ್ರೋಶಾ ಟೇಬಲ್ ಕ್ಲಾತ್

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ಹೋದ ವರ್ಷ ಅಮ್ಮ ತೀರಿಕೊಂಡರು, ಹಿಂದೆಯೇ ಮನೆಯವರ ಕೆಲಸವೂ ಹೋಯಿತು. ಆ ಕಥೆ ಬಿಡಿ.

ನಿದ್ದೆ ಬಾರದ ಒಂದು ರಾತ್ರಿ ಅಮ್ಮನ ಬೀರು ತೆಗೆದೆ. ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಅರ್ಧ ಹೆಣೆದ ದುಂಡನೆ ಕ್ಲಾತ್, 1.25 ಮಿ.ಮೀ. ಸ್ಟೀಲ್ ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವುದು). ಬೆರಳು ನೋಯದಿರಲೆಂದು ಕಡ್ಡಿಗೆ ಸುತ್ತಿದ್ದ ಸೀರೆಯ ಚೂರು ಹಾಗೇ ಇತ್ತು. ಅವತ್ತಿನಿಂದ ದಿನಾ ರಾತ್ರಿ ಹೆಣೆಯುತ್ತಿದ್ದೇನೆ. ಎಣಿಸುತ್ತಾ ಕೂತರೆ ಬೇರೆ ಯೋಚನೆ ಹತ್ತಿರ ಸುಳಿಯುವುದಿಲ್ಲ.

ತೊಂದರೆ ಏನೆಂದರೆ, ನಾನು ಹಾಕಿದ ಸುತ್ತುಗಳು ಬಟ್ಟಲಿನ ಹಾಗೆ ಮೇಲಕ್ಕೆ ಬಾಗುತ್ತಿವೆ. ಮೊದಲ ಸುತ್ತಿನಲ್ಲಿ 12 ಡಬಲ್ ಕ್ರೋಶಾ (ಉದ್ದನೆಯ ಹೆಣಿಗೆ) ಇದೆ, ಆಮೇಲೆ ಪ್ರತಿ ಸುತ್ತಿಗೂ 12 ಹೆಚ್ಚಿಸಬೇಕು ಅಲ್ವಾ? ಹಾಗೇ ಮಾಡುತ್ತಿದ್ದೇನೆ. ನನ್ನ ಕೈ ಬಿಗಿ (ದುಡ್ಡಿನ ವಿಷಯದಲ್ಲೂ ಈಗ ಅಷ್ಟೇ ಅನ್ನಿ), ಅದಕ್ಕೇ ಇರಬಹುದಾ? 1.5ರ ಕಡ್ಡಿ ಹಿಡಿದರೆ ಸರಿಹೋಗುತ್ತಾ? ನನ್ನ ಸುತ್ತು ಎಷ್ಟು ಬೇಕಾದರೂ ಬಿಚ್ಚುತ್ತೇನೆ. ಅಮ್ಮ ಹಾಕಿದ್ದನ್ನು ಮಾತ್ರ ಮುಟ್ಟಲಾರೆ.

ಇನ್ನೊಂದು, ಕೆನೆಬಣ್ಣದ 20 ನಂಬರ್ ಹತ್ತಿ ದಾರ ಪೇಟೆ ಬೀದಿಯಲ್ಲಿ ಸಿಗಲಿಲ್ಲ. ಮಂಗಳವಾರ ಮೈಸೂರಿಗೆ ಹೋಗುತ್ತಿದ್ದೇನೆ. ಶಿವರಾಂಪೇಟೆ, ದೇವರಾಜ ಮಾರ್ಕೆಟ್ ಕಡೆ ಎಲ್ಲಿ ಕೇಳಲಿ? ಒಂದೇ ಉಂಡೆ ಸಾಕು.